ನಕ್ಷೆ ಹಿಡಿದು ಓಡುವ ಆಟ: ಕೋಲಾರದ ಬೆಟ್ಟ, ಕೆರೆ, ತೋಪುಗಳ ನಡುವೆ ಓರಿಯಂಟೀರಿಂಗ್‌ನ ಒಂದು ವಾರ

ಮಾರ್ಚ್ ಬಂತೆಂದರೆ ಬೇಸಿಗೆ ಶಿಬಿರಗಳ ಕರಪತ್ರಗಳು ಮನೆಗೆ ಬರತೊಡಗುತ್ತವೆ. ಈಜು, ಕರಾಟೆ, ಚಿತ್ರಕಲೆ, ಚಾರಣ ಎಲ್ಲ ಗೊತ್ತಿರುವುದೇ. ಅವುಗಳ ನಡುವೆ ಆಗೊಮ್ಮೆ ಈಗೊಮ್ಮೆ ‘ಓರಿಯಂಟೀರಿಂಗ್’ ಅಂತ ಒಂದು ಹೆಸರು ಕಾಣುತ್ತದೆ. ಮಗಳು ಸೇರುತ್ತೇನೆ ಅನ್ನುತ್ತಾಳೆ, ಅಪ್ಪ ಅಮ್ಮನಿಗೆ ಅದೇನು ಅಂತಲೇ ಗೊತ್ತಿಲ್ಲ. ಎನ್‌ಸಿಸಿಯಲ್ಲಿದ್ದವರಿಗೆ ಮಾತ್ರ ಮ್ಯಾಪ್ ರೀಡಿಂಗ್ ತರಗತಿ ನೆನಪಾಗಬಹುದು. ಆ ತರಗತಿಯನ್ನು ಓಟದ ಜೊತೆ ಸೇರಿಸಿದರೆ ಈ ಆಟದ ಹತ್ತಿರಕ್ಕೆ ಬಂದಂತೆ.

ಕೋಲಾರದವರಿಗೆ ಇದು ದೂರದ ವಿಷಯವೇನಲ್ಲ. ಶನಿವಾರ, ಭಾನುವಾರ ಅಂತರಗಂಗೆ ಬೆಟ್ಟ ಹತ್ತುವವರನ್ನು ನೋಡಿ. ಬಹಳಷ್ಟು ಜನ ಮುಂದೆ ಹೋಗುವವರ ಬೆನ್ನು ನೋಡಿಕೊಂಡು ನಡೆಯುತ್ತಾರೆ, ಇಲ್ಲವೇ ಮೊಬೈಲಿನ ನೀಲಿ ಚುಕ್ಕೆ ನೋಡಿಕೊಂಡು. ಬ್ಯಾಟರಿ ಹೋಯಿತು, ಚುಕ್ಕೆಯೂ ಹೋಯಿತು. ಆಮೇಲೆ ತಾನು ಎಲ್ಲಿದ್ದೇನೆ ಅಂತ ಹೇಗೆ ತಿಳಿಯುವುದು? ಓರಿಯಂಟೀರಿಂಗ್ ಕಲಿಸುವುದು ಇದನ್ನೇ.

ನಿಯಮ ಬಹಳ ಚಿಕ್ಕದು

ಹೊರಡುವ ಕ್ಷಣದಲ್ಲಿ ಕೈಗೆ ಒಂದು ನಕ್ಷೆ ಸಿಗುತ್ತದೆ. ಅದರ ಮೇಲೆ ನೇರಳೆ ಬಣ್ಣದಲ್ಲಿ ಒಂದು ತ್ರಿಕೋನ, ಹಲವು ವೃತ್ತಗಳು, ಕೊನೆಗೆ ಒಂದರೊಳಗೊಂದು ಇರುವ ಎರಡು ವೃತ್ತ. ತ್ರಿಕೋನ ಅಂದರೆ ಹೊರಡುವ ಜಾಗ. ಜೋಡಿ ವೃತ್ತ ಮುಗಿಯುವ ಜಾಗ. ನಡುವಿನ ಒಂಟಿ ವೃತ್ತಗಳಿಗೆ ‘ಕಂಟ್ರೋಲ್’ ಅನ್ನುತ್ತಾರೆ. ಅವುಗಳಿಗೆ 1, 2, 3 ಅಂತ ಸಂಖ್ಯೆ ಇರುತ್ತದೆ. ಅದೇ ಕ್ರಮದಲ್ಲಿ ಎಲ್ಲವನ್ನೂ ಮುಟ್ಟಿ ಬರಬೇಕು. ಕಡಿಮೆ ಸಮಯದಲ್ಲಿ ಬಂದವರು ಗೆದ್ದರು. ಒಂದೇ ಒಂದು ಕಂಟ್ರೋಲ್ ಬಿಟ್ಟುಹೋದರೂ ಓಟ ಲೆಕ್ಕಕ್ಕಿಲ್ಲ.

ಒಂದು ಕಂಟ್ರೋಲಿನಿಂದ ಮುಂದಿನದಕ್ಕೆ ಹೇಗೆ ಹೋಗಬೇಕು ಅಂತ ಯಾರೂ ಹೇಳುವುದಿಲ್ಲ. ವೃತ್ತಗಳ ನಡುವೆ ನೇರ ಗೆರೆ ಎಳೆದಿರುತ್ತಾರೆ, ಆದರೆ ಅದು ದಾರಿಯಲ್ಲ. ಗುಡ್ಡ ಹತ್ತಿ ಇಳಿಯಬೇಕೋ, ಸುತ್ತಿ ಬರಬೇಕೋ, ಕುರುಚಲಿನಲ್ಲಿ ನುಗ್ಗಬೇಕೋ, ಬಂಡಿಜಾಡು ಹಿಡಿಯಬೇಕೋ, ಎಲ್ಲ ಓಡುವವರಿಗೇ ಬಿಟ್ಟಿದ್ದು. ಆಟದ ರುಚಿ ಇರುವುದೇ ಇಲ್ಲಿ.

ಕಂಟ್ರೋಲ್ ಇರುವ ಜಾಗದಲ್ಲಿ ಬಟ್ಟೆಯ ಮೂರು ಮುಖದ ಗುರುತು ತೂಗುಹಾಕಿರುತ್ತಾರೆ. ಪ್ರತಿ ಮುಖ 30 ಸೆಂಟಿಮೀಟರ್ ಚೌಕ, ಅರ್ಧ ಕಿತ್ತಳೆ, ಅರ್ಧ ಬಿಳಿ. ಅದಕ್ಕೊಂದು ಕೋಡ್ ಸಂಖ್ಯೆ ಇರುತ್ತದೆ. ಕೋಡುಗಳು 31ರಿಂದ ಶುರುವಾಗುತ್ತವೆ, ಯಾಕೆಂದರೆ 1, 2, 3 ಅಂತ ಕೊಟ್ಟರೆ ಕ್ರಮಸಂಖ್ಯೆಯ ಜೊತೆ ಗೊಂದಲವಾಗುತ್ತದೆ. ಒಂದೇ ಕಾಡಿನಲ್ಲಿ ಮಕ್ಕಳಿಗೆ, ದೊಡ್ಡವರಿಗೆ, ಅನುಭವಿಗಳಿಗೆ ಅಂತ ಹಲವು ಓಟ ಒಟ್ಟಿಗೆ ನಡೆಯುತ್ತಿರುತ್ತವೆ. ಹಾಗಾಗಿ ಕಂಡ ಗುರುತೆಲ್ಲ ನಮ್ಮದಲ್ಲ. ಕೋಡ್ ನೋಡಿಯೇ ಮುಟ್ಟಬೇಕು.

ಮುಟ್ಟಿದ್ದಕ್ಕೆ ಸಾಕ್ಷಿ ಬೇಕಲ್ವಾ? ಹಿಂದೆ ಪ್ರತಿ ಕಂಟ್ರೋಲಿನಲ್ಲೂ ಬೇರೆ ಬೇರೆ ವಿನ್ಯಾಸದ ಸೂಜಿಗಳಿರುವ ಪಂಚ್ ಇರುತ್ತಿತ್ತು. ಕೈಯಲ್ಲಿರುವ ಕಾರ್ಡಿಗೆ ತೂತು ಹಾಕಿಕೊಂಡು ಬರಬೇಕಿತ್ತು. ಈಗ ಬೆರಳಿಗೆ ಕಟ್ಟಿಕೊಳ್ಳುವ ಚಿಕ್ಕ ಚಿಪ್ ಬಂದಿದೆ. ಅದನ್ನು ಪೆಟ್ಟಿಗೆಗೆ ತಾಗಿಸಿದರೆ ಬೀಪ್ ಅನ್ನುತ್ತದೆ, ಸಮಯ ದಾಖಲಾಗುತ್ತದೆ. ಸಣ್ಣ ಶಿಬಿರಗಳಿಗೆ ಹಳೆಯ ಸೂಜಿ ಪಂಚೇ ಸಾಕು.

ಎಲ್ಲರೂ ಒಟ್ಟಿಗೆ ಓಡುವುದಿಲ್ಲ. ಸಾಮಾನ್ಯವಾಗಿ 1ರಿಂದ 3 ನಿಮಿಷದ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ. ಮುಂದಿನವರನ್ನು ಹಿಂಬಾಲಿಸಿ ಗೆಲ್ಲುವುದನ್ನು ತಡೆಯಲು ಈ ಏರ್ಪಾಡು. ದಾರಿ ಹುಡುಕಲು ಜಿಪಿಎಸ್ ಬಳಸುವಂತಿಲ್ಲ. ಕೈಯಲ್ಲಿರುವುದು ಕಾಗದದ ನಕ್ಷೆ, ದಿಕ್ಸೂಚಿ, ಅಷ್ಟೇ.

ಸೇನೆಯಿಂದ ಶಾಲೆಗೆ

ಆಟ ಹುಟ್ಟಿದ್ದು ಸ್ವೀಡನ್, ನಾರ್ವೆ ಕಡೆ. 19ನೇ ಶತಮಾನದ ಕೊನೆಯಲ್ಲಿ ಇದು ಸೈನಿಕರ ತರಬೇತಿಯಾಗಿತ್ತು. ಸಾರ್ವಜನಿಕರಿಗೆ ಮೊದಲ ಸ್ಪರ್ಧೆ ನಡೆದದ್ದು 1897ರಲ್ಲಿ, ನಾರ್ವೆಯಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಸ್ವೀಡನ್ನಿನ ಹುಡುಗರು ಟ್ರ್ಯಾಕ್ ಓಟದಲ್ಲಿ ಆಸಕ್ತಿ ಕಳೆದುಕೊಳ್ಳುತ್ತಿದ್ದರು. ಅವರನ್ನು ಕಾಡಿಗೆ ಕರೆತಂದು ನಕ್ಷೆ ಕೊಟ್ಟು ಓಡಿಸಿದವರು ಅಲ್ಲಿನ ಸೇನಾಧಿಕಾರಿ ಎರ್ನ್‌ಸ್ಟ್ ಕಿಲಾಂಡರ್. 1919ರಲ್ಲಿ ಅವರು ನಡೆಸಿದ ಸ್ಪರ್ಧೆಯಿಂದ ಆಟ ಜನಪ್ರಿಯವಾಯಿತು. 1961ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. 1966ರಲ್ಲಿ ಫಿನ್ಲೆಂಡಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್. ಒಲಿಂಪಿಕ್ಸ್‌ನಲ್ಲಿ ಈ ಆಟ ಇಲ್ಲ, ಹಾಗಾಗಿ ನಮ್ಮ ಪತ್ರಿಕೆಗಳ ಕ್ರೀಡಾಪುಟಕ್ಕೂ ಬರುವುದಿಲ್ಲ.

ನಕ್ಷೆಯಲ್ಲಿ ಕಾಡು ಬಿಳಿ

ಮೊದಲ ಸಲ ಓರಿಯಂಟೀರಿಂಗ್ ನಕ್ಷೆ ನೋಡಿದವರೆಲ್ಲ ಎಡವುವುದು ಬಣ್ಣದಲ್ಲಿ. ಕಾಡು ಅಂದರೆ ಹಸಿರು ಅಂದುಕೊಂಡಿರುತ್ತೇವೆ. ಇಲ್ಲಿ ಆರಾಮಾಗಿ ಓಡಬಹುದಾದ ಮರಗಳ ಕಾಡು ಬಿಳಿ. ಹಸಿರು ಬಂತು ಅಂದರೆ ಓಟ ನಿಧಾನವಾಗುತ್ತದೆ ಅಂತ ಅರ್ಥ. ಹಸಿರು ಗಾಢವಾದಷ್ಟೂ ಪೊದೆ ದಟ್ಟ. ಕಡುಹಸಿರು ಅಂದರೆ ನುಗ್ಗುವ ಆಸೆ ಬಿಡಿ. ಬಯಲು ಹಳದಿ. ನೀರು ನೀಲಿ. ನೆಲದ ಏರಿಳಿತ ಕಂದು. ಬಂಡೆ, ದಾರಿ, ಬೇಲಿ, ಕಟ್ಟಡ ಕಪ್ಪು. ಓಟದ ಗುರುತು ನೇರಳೆ.

ಇದನ್ನು ಕೋಲಾರದ ನೆಲಕ್ಕೆ ಹಾಕಿ ನೋಡೋಣ. ಊರಾಚೆಯ ಗುಂಡುತೋಪು ಬಿಳಿ: ದೊಡ್ಡ ಮರ, ಕೆಳಗೆ ಸ್ವಚ್ಛ ನೆಲ. ಸಾಲು ಹಿಡಿದು ನೆಟ್ಟ ನೀಲಗಿರಿ ಪ್ಲಾಂಟೇಷನ್ ಕೂಡ ಬಹುಪಾಲು ಬಿಳಿಯೇ. ಅದನ್ನು ಕಡಿದು, ಬುಡದಿಂದ ಚಿಗುರು ಎದ್ದರೆ ಅದೇ ಜಾಗ ಹಸಿರಾಗುತ್ತದೆ. ಅದಕ್ಕೇ ನೀಲಗಿರಿ ಇರುವ ಕಡೆ ನಕ್ಷೆ ಬೇಗ ಹಳತಾಗುತ್ತದೆ. ಲಂಟಾನ ಹಬ್ಬಿದ ಗುಡ್ಡದ ಬುಡ, ಬಳ್ಳಾರಿ ಜಾಲಿ ತುಂಬಿದ ಕೆರೆಯಂಗಳ ಕಡುಹಸಿರು. ಉಳುಮೆ ಆದ ಹೊಲ ಹಳದಿ, ಬೆಳೆ ಇದ್ದರೆ ಅದು ಹೋಗಬಾರದ ಜಾಗ.

ಇನ್ನು ಅಳತೆ. ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ (ಸರ್ಕಾರಿ ಭೂನಕ್ಷೆ) ನೋಡಿದವರಿಗೆ 1:50,000 ಅನ್ನುವ ಸಂಖ್ಯೆ ಗೊತ್ತು. ಅದರಲ್ಲಿ 1 ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಊರಿಂದ ಊರಿಗೆ ಹೋಗಲು ಸಾಕು, ಒಂದು ಬಂಡೆ ಹುಡುಕಲು ಸಾಲದು. ಕಾಡಿನ ಓರಿಯಂಟೀರಿಂಗ್ ನಕ್ಷೆ 1:15,000 ಅಥವಾ 1:10,000 ಇರುತ್ತದೆ. ಎರಡನೆಯದರಲ್ಲಿ 1 ಸೆಂಟಿಮೀಟರ್ ಅಂದರೆ 100 ಮೀಟರ್. ಆವರಣಗಳೊಳಗೆ ನಡೆಯುವ ಸ್ಪ್ರಿಂಟ್ ಓಟಕ್ಕೆ 1:4,000, ಅಂದರೆ 1 ಸೆಂಟಿಮೀಟರಿಗೆ 40 ಮೀಟರ್. ಅಲ್ಲಿ ಮೆಟ್ಟಿಲು, ಗೋಡೆಯ ಸಂದು ಕೂಡ ಕಾಣುತ್ತದೆ.

ಇಂಥ ನಕ್ಷೆ ಅಂಗಡಿಯಲ್ಲಿ ಸಿಗುವುದಿಲ್ಲ. ಯಾರಾದರೂ ಉಪಗ್ರಹ ಚಿತ್ರ ಇಟ್ಟುಕೊಂಡು, ನೆಲದ ಮೇಲೆ ದಿನಗಟ್ಟಲೆ ನಡೆದು, ಗುರುತು ಹಾಕಿಕೊಂಡು ಬರೆಯಬೇಕು. ಆಟದ ಅತಿ ದೊಡ್ಡ ಕೆಲಸ ಇದೇ. ಫೆಬ್ರವರಿ 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಯ ನಿಯಮಗಳನ್ನು ಸಡಿಲಿಸಿತು. ಭಾರತೀಯರು, ಭಾರತೀಯ ಸಂಸ್ಥೆಗಳು ನಕ್ಷೆ ಮಾಡಲು ಮೊದಲೇ ಅನುಮತಿ ಪಡೆಯುವ ತಲೆನೋವು ಬಹುಮಟ್ಟಿಗೆ ತಪ್ಪಿತು. ಬರೆಯಲು ‘ಓಪನ್ ಓರಿಯಂಟೀರಿಂಗ್ ಮ್ಯಾಪರ್’ ಎಂಬ ಉಚಿತ ತಂತ್ರಾಂಶವೂ ಇದೆ.

ನಮ್ಮ ಜಿಲ್ಲೆಯಲ್ಲಿ ನಕ್ಷೆ ಬರೆಯುವವರಿಗೆ ನೀಲಿ ಬಣ್ಣವೇ ಒಂದು ಒಗಟು. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ, ಇರುವುದು ಕೆರೆಗಳು. ಹಿಂದೆ ಮಾರ್ಚ್ ಹೊತ್ತಿಗೆ ಎಷ್ಟೋ ಕೆರೆಗಳು ಒಣಗಿರುತ್ತಿದ್ದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿದು ಬರುತ್ತಿದೆ. ಅದು ತಲುಪುವ ಕೆರೆ ಬೇಸಿಗೆಯಲ್ಲೂ ತುಂಬಿರಬಹುದು, ತಲುಪದ ಕೆರೆ ಬಿರುಕು ಬಿಟ್ಟಿರಬಹುದು. ಹಳೆಯ ನಕ್ಷೆ ನಂಬಿ ‘ಕೆರೆಯಂಗಳ ದಾಟಿದರೆ ಹತ್ತಿರ’ ಅಂತ ಲೆಕ್ಕ ಹಾಕಿದವರು ಸೊಂಟದ ತನಕ ನೀರಿನ ಮುಂದೆ ನಿಲ್ಲಬೇಕಾಗುತ್ತದೆ.

ಕಂದು ಗೆರೆಗಳನ್ನು ಓದುವುದು

ಕಂದು ಬಣ್ಣದ ಗೆರೆಗಳಿಗೆ ಕಂಟೂರ್ ಅನ್ನುತ್ತಾರೆ. ಜಲಾನಯನ ಯೋಜನೆಯಲ್ಲಿ ಹೊಲಕ್ಕೆ ಕಂಟೂರ್ ಬದು ಹಾಕಿಸಿಕೊಂಡವರಿಗೆ ಇದರ ಪರಿಚಯ ಆಗಲೇ ಇದೆ. ಒಂದೇ ಎತ್ತರದಲ್ಲಿರುವ ಜಾಗಗಳನ್ನೆಲ್ಲ ಸೇರಿಸಿ ಎಳೆದ ಗೆರೆ ಇದು. ಶಾಲೆಯಲ್ಲಿ ಓದಿದ್ದೇ. ಪರೀಕ್ಷೆ ಮುಗಿದ ಮೇಲೆ ಮರೆತದ್ದೂ ಹೌದು.

ಬೇಸಿಗೆಯಲ್ಲಿ ಬತ್ತುತ್ತಿರುವ ಕೆರೆಯ ದಡ ನೋಡಿ. ನೀರು ಇಳಿದಂತೆಲ್ಲ ದಡದ ಮೇಲೆ ಒಂದರ ಕೆಳಗೊಂದು ಗೆರೆ ಉಳಿದಿರುತ್ತದೆ. ಪ್ರತಿ ಗೆರೆಯೂ ಒಂದು ಕಾಲದಲ್ಲಿ ನೀರು ನಿಂತ ಮಟ್ಟ. ನೀರು ಮಟ್ಟವಾಗಿಯೇ ನಿಲ್ಲುವುದರಿಂದ ಒಂದು ಗೆರೆಯ ಉದ್ದಕ್ಕೂ ಎತ್ತರ ಒಂದೇ. ದಡ ಕಡಿದಾಗಿರುವ ಕಡೆ ಗೆರೆಗಳು ಒತ್ತೊತ್ತಾಗಿ ಇರುತ್ತವೆ, ಅಂಗಳ ಹರಡಿರುವ ಕಡೆ ದೂರ ದೂರ. ಹಳ್ಳ ಬಂದು ಸೇರುವ ಕಡೆ ಗೆರೆ ಕೆರೆಯಿಂದ ಆಚೆಗೆ ಬಾಗುತ್ತದೆ, ದಿಣ್ಣೆ ಮುಂದೆ ಚಾಚಿದ ಕಡೆ ಕೆರೆಯ ಕಡೆಗೆ. ಇದನ್ನು ಮೇಲಿನಿಂದ ನೋಡಿ ಕಾಗದಕ್ಕೆ ಇಳಿಸಿದರೆ ಅದೇ ಕಂಟೂರ್ ನಕ್ಷೆ.

ಓರಿಯಂಟೀರಿಂಗ್ ನಕ್ಷೆಯಲ್ಲಿ ಎರಡು ಗೆರೆಗಳ ನಡುವೆ ಸಾಮಾನ್ಯವಾಗಿ 5 ಮೀಟರ್ ಎತ್ತರದ ವ್ಯತ್ಯಾಸ. 1:50,000 ಟೋಪೋಶೀಟಿನಲ್ಲಿ ಇದು 20 ಮೀಟರ್. ಅಂದರೆ ಟೋಪೋಶೀಟಿನಲ್ಲಿ ಕಾಣದೇ ಹೋಗುವ 10 ಮೀಟರಿನ ದಿಣ್ಣೆ ಇಲ್ಲಿ ಎರಡು ಗೆರೆಯಾಗಿ ಕಾಣುತ್ತದೆ.

ಈ ಗೆರೆ ಎಣಿಸುವುದರಿಂದ ಕೈಗೆ ಬರುವ ಲಾಭ ದಾರಿ ಆಯ್ಕೆಯಲ್ಲಿ. ಓಡುವವರು ಒಂದು ಲೆಕ್ಕ ಇಟ್ಟುಕೊಂಡಿರುತ್ತಾರೆ: 1 ಮೀಟರ್ ಹತ್ತುವುದು ಸಮತಟ್ಟು ನೆಲದಲ್ಲಿ ಸುಮಾರು 10 ಮೀಟರ್ ಓಡುವುದಕ್ಕೆ ಸಮ. ಮುಂದಿನ ಕಂಟ್ರೋಲ್ ಗುಡ್ಡದ ಆಚೆ ಬದಿಯಲ್ಲಿದೆ ಅಂದುಕೊಳ್ಳಿ. ನೇರ ಹೋದರೆ 600 ಮೀಟರ್, ಆದರೆ ನಡುವೆ 8 ಗೆರೆ ಹತ್ತಬೇಕು. 8 ಗೆರೆ ಅಂದರೆ 40 ಮೀಟರ್ ಏರು, 400 ಮೀಟರ್ ಓಟಕ್ಕೆ ಸಮ. ಒಟ್ಟು 1,000 ಆಯಿತು. ಗುಡ್ಡದ ಬುಡದಲ್ಲಿ ಬಂಡಿಜಾಡು ಹಿಡಿದು ಸುತ್ತಿದರೆ 850 ಮೀಟರ್, ಏರು ಇಲ್ಲ. ಸುತ್ತುದಾರಿಯೇ ಬೇಗ. ಈ ಲೆಕ್ಕವನ್ನು ಏದುಸಿರು ಬಿಡುತ್ತಾ, ಕಾಲ ಕೆಳಗಿನ ಕಲ್ಲು ನೋಡುತ್ತಾ, ಕೆಲವೇ ಸೆಕೆಂಡಿನಲ್ಲಿ ಮಾಡಬೇಕು. ಕೂತು ಮಾಡಿದರೆ ಯಾರಿಗಾದರೂ ಬರುತ್ತದೆ.

ದಿಕ್ಸೂಚಿಯ ಕೆಲಸ ಒಂದೇ

ದಿಕ್ಸೂಚಿ ನಾವು ಎಲ್ಲಿದ್ದೇವೆ ಅಂತ ಹೇಳುವುದಿಲ್ಲ. ಉತ್ತರ ಎಲ್ಲಿದೆ ಅಂತ ಮಾತ್ರ ಹೇಳುತ್ತದೆ. ಅದರಿಂದ ಮಾಡಬೇಕಾದ ಮೊದಲ ಕೆಲಸ ನಕ್ಷೆಯನ್ನು ತಿರುಗಿಸುವುದು. ನಕ್ಷೆಯ ಮೇಲೆ ಸಮಾನಾಂತರ ಗೆರೆಗಳಿರುತ್ತವೆ, ಅವು ಉತ್ತರ ದಿಕ್ಕಿನವು. ಮುಳ್ಳು ಆ ಗೆರೆಗೆ ಸರಿಹೊಂದುವ ತನಕ ನಕ್ಷೆ ತಿರುಗಿಸಿ. ಈಗ ನಕ್ಷೆಯಲ್ಲಿ ಎಡಕ್ಕಿರುವ ಕೆರೆ ನಿಜಕ್ಕೂ ನಿಮ್ಮ ಎಡಕ್ಕೆ ಇರುತ್ತದೆ. ಅಕ್ಷರಗಳು ತಲೆಕೆಳಗಾಗಿ ಕಾಣಬಹುದು, ಕಾಣಲಿ ಬಿಡಿ. ಓದಲು ಸುಲಭ ಅಂತ ನಕ್ಷೆಯನ್ನು ನೆಟ್ಟಗೆ ಹಿಡಿಯುವುದೇ ಹೊಸಬರ ಮೊದಲ ತಪ್ಪು.

ನಕ್ಷೆಯ ಉತ್ತರ, ಮುಳ್ಳಿನ ಉತ್ತರ ಬೇರೆ ಬೇರೆ ಅಂತ ಎನ್‌ಸಿಸಿಯಲ್ಲಿ ಕಲಿತವರು ಕೇಳಬಹುದು. ಹೌದು, ಆದರೆ ಓರಿಯಂಟೀರಿಂಗ್ ನಕ್ಷೆಯನ್ನು ಮುಳ್ಳಿನ ಉತ್ತರಕ್ಕೆ ಹೊಂದಿಸಿಯೇ ಬರೆದಿರುತ್ತಾರೆ. ಕೂಡುವ, ಕಳೆಯುವ ಲೆಕ್ಕ ಇಲ್ಲ. ನಮ್ಮ ಭಾಗದಲ್ಲಿ ಆ ವ್ಯತ್ಯಾಸವೂ 2 ಡಿಗ್ರಿಗಿಂತ ಕಡಿಮೆ.

ಒಂದು ವಿಷಯ ಮಾತ್ರ ಕೊಳ್ಳುವ ಮೊದಲು ನೋಡಿ. ಸ್ವೀಡನ್ನಿನಲ್ಲಿ ಭೂಮಿಯ ಕಾಂತಶಕ್ತಿ ಮುಳ್ಳಿನ ಉತ್ತರದ ತುದಿಯನ್ನು ಕೆಳಕ್ಕೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ಅಲ್ಲಿಗೆ ಮಾಡಿದ ಮುಳ್ಳಿನ ದಕ್ಷಿಣ ತುದಿಗೆ ಸ್ವಲ್ಪ ಭಾರ ಕೊಟ್ಟಿರುತ್ತಾರೆ. ದಕ್ಷಿಣ ಭಾರತ ಕಾಂತೀಯ ಸಮಭಾಜಕದ ಹತ್ತಿರ ಇದೆ. ಇಲ್ಲಿ ಆ ಎಳೆತ ಕಡಿಮೆ. ಹಾಗಾಗಿ ಆ ಮುಳ್ಳು ಇಲ್ಲಿ ಒಂದು ಬದಿಗೆ ವಾಲಿ, ಡಬ್ಬಿಯ ತಳಕ್ಕೆ ತಾಗಿ ಅಂಟಿಕೊಳ್ಳಬಹುದು. ವಿದೇಶದಿಂದ ನೆಂಟರ ಕೈಲಿ ತರಿಸುವವರು ಯಾವ ವಲಯಕ್ಕೆ ಮಾಡಿದ್ದು ಅಂತ ಕೇಳಿ ತರಿಸುವುದು ಒಳ್ಳೆಯದು. ಬಳಸುವಾಗ ಮೊಬೈಲನ್ನು ದಿಕ್ಸೂಚಿಯ ಪಕ್ಕ ಇಟ್ಟುಕೊಳ್ಳಬೇಡಿ, ಮುಳ್ಳು ಅತ್ತಿತ್ತ ಸರಿಯುತ್ತದೆ.

ಶಿಬಿರ ವಸಂತದಲ್ಲೇ ಯಾಕೆ?

ಯುರೋಪಿನಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. ಹಿಮ ಕರಗಿರುತ್ತದೆ, ಪೊದೆ ಇನ್ನೂ ಬೆಳೆದಿರುವುದಿಲ್ಲ, ಕಾಡಿನಲ್ಲಿ ದೂರದ ತನಕ ಕಾಣುತ್ತದೆ. ಉತ್ತರದ ದೇಶಗಳ ಓಟಗಾರರು ಹಿಮ ಕರಗುವುದಕ್ಕೂ ಮೊದಲೇ ಪೋರ್ಚುಗಲ್, ಸ್ಪೇನ್ ಕಡೆ ಹೋಗಿ ವಾರಗಟ್ಟಲೆ ತರಬೇತಿ ಮಾಡುತ್ತಾರೆ. ಬ್ರಿಟನ್ನಿನಲ್ಲಿ 1967ರಿಂದ ಈಸ್ಟರ್ ರಜೆಗೆ ಅಲ್ಲಿ ಈ ಆಟ ಬೆಳೆಸಲು ನೆರವಾದ ಸ್ವೀಡನ್ನಿನ ಯಾನ್ ಶೆಲ್‌ಸ್ಟ್ರಾಮ್ ಹೆಸರಿನ ಓರಿಯಂಟೀರಿಂಗ್ ಹಬ್ಬ ನಡೆಯುತ್ತದೆ. ಈಗ ಅದು ಶುಕ್ರವಾರ ಸ್ಪ್ರಿಂಟ್, ಶನಿವಾರ ಮಧ್ಯಮ ದೂರ, ಭಾನುವಾರ ದೀರ್ಘ ದೂರ, ಸೋಮವಾರ ರಿಲೇ. ತರಬೇತಿಯ ಬೆನ್ನಿಗೇ ಸ್ಪರ್ಧೆ ಇಡುವ ಪದ್ಧತಿಗೆ ಕಾರಣವಿದೆ. ನಿಧಾನವಾಗಿ ನಡೆಯುವಾಗ ನಕ್ಷೆ ಎಲ್ಲರಿಗೂ ಅರ್ಥವಾಗುತ್ತದೆ. ಎದೆ ಬಡಿದುಕೊಳ್ಳುವಾಗಲೂ ಅರ್ಥವಾಗುತ್ತದೆಯೇ ಅಂತ ಸ್ಪರ್ಧೆಯಲ್ಲಿ ಮಾತ್ರ ತಿಳಿಯುವುದು.

ನಮ್ಮಲ್ಲಿ ಶಿವರಾತ್ರಿಯಿಂದ ಯುಗಾದಿಯ ನಡುವೆ ಕಾಡು ಬರಿದಾಗಿರುತ್ತದೆ. ಎಲೆ ಉದುರಿ, ಹುಲ್ಲು ಒಣಗಿ, ನೆಲದ ಆಕಾರ ಚೆನ್ನಾಗಿ ಕಾಣುತ್ತದೆ. ನಕ್ಷೆ ಓದಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಬಿಸಿಲಿಗೆ ಮಾತ್ರ ಹೆದರಬೇಕು. ಬೆಳಿಗ್ಗೆ ಆರೂವರೆಗೆ ಶುರು ಮಾಡಿ ಒಂಬತ್ತರೊಳಗೆ ಮುಗಿಸುವುದು ಜಾಣತನ.

ವಾರದ ಮೊದಲ ಭಾಗ: ನಡೆಯುವುದು

ಮೊದಲು ತರಬೇತಿ, ಕೊನೆಗೆ ಸ್ಪರ್ಧೆ ಇರುವ ಇಂಥದ್ದೊಂದು ವಾರ ನಮ್ಮ ಕಡೆ ನಡೆದರೆ ಮೊದಲ ದಿನ ಯಾರೂ ಓಡುವುದಿಲ್ಲ. ಗುಂಡುತೋಪಿನಲ್ಲೋ ಕೆರೆ ಏರಿಯ ಮೇಲೋ ನಕ್ಷೆ ಹಿಡಿದು ನಡೆಯುವುದು. ಕಂಡದ್ದನ್ನೆಲ್ಲ ನಕ್ಷೆಯಲ್ಲಿ ಹುಡುಕುವುದು, ನಕ್ಷೆಯಲ್ಲಿ ಕಂಡದ್ದನ್ನು ನೆಲದಲ್ಲಿ ಹುಡುಕುವುದು. ಇದರ ಜೊತೆ ಒಂದು ಅಭ್ಯಾಸ ಕೈಗೆ ಹತ್ತಿಸುತ್ತಾರೆ. ನಕ್ಷೆಯನ್ನು ಚಿಕ್ಕದಾಗಿ ಮಡಚಿ, ತಾನಿರುವ ಜಾಗದ ಮೇಲೆ ಹೆಬ್ಬೆರಳು ಇಡಬೇಕು. ಮುಂದೆ ಹೋದಂತೆ ಹೆಬ್ಬೆರಳೂ ಸರಿಯಬೇಕು. ತಲೆ ಎತ್ತಿ ನೋಡಿ ಮತ್ತೆ ನಕ್ಷೆಗೆ ಬಂದಾಗ ‘ಎಲ್ಲಿದ್ದೆ’ ಅಂತ ಇಡೀ ಕಾಗದ ಹುಡುಕುವುದು ತಪ್ಪುತ್ತದೆ.

ಹೆಜ್ಜೆ ಎಣಿಸುವುದನ್ನೂ ಮೊದಲೇ ಕಲಿಯಬೇಕು. 100 ಮೀಟರ್ ಅಳೆದು, ಬಲಗಾಲು ಊರಿದಾಗ ಮಾತ್ರ ಎಣಿಸಿಕೊಂಡು ನಡೆಯಿರಿ. ದೊಡ್ಡವರಿಗೆ ಹೆಚ್ಚುಕಡಿಮೆ 65 ಬರುತ್ತದೆ. ಓಡುವಾಗ ಇದು ಕಡಿಮೆಯಾಗುತ್ತದೆ, ಏರಿನಲ್ಲಿ ಜಾಸ್ತಿಯಾಗುತ್ತದೆ. ತನ್ನ ಸಂಖ್ಯೆ ತನಗೆ ಗೊತ್ತಿದ್ದರೆ ಸಾಕು.

ಎರಡು, ಮೂರನೇ ದಿನಕ್ಕೆ ತಂತ್ರಗಳು. ಮೊದಲನೆಯದು, ಜೊತೆಗೆ ಬರುವ ಗೆರೆ ಹುಡುಕುವುದು. ರಾಜಕಾಲುವೆ, ಬೇಲಿ, ಬಂಡಿಜಾಡು, ಕೆರೆ ಏರಿ, ಹೊಲದ ಬದು ಯಾವುದಾದರೂ ನಮ್ಮ ದಿಕ್ಕಿಗೇ ಹೋಗುತ್ತಿದ್ದರೆ ಅದರ ಪಕ್ಕದಲ್ಲೇ ಓಡಬಹುದು, ಪದೇ ಪದೇ ನಕ್ಷೆ ನೋಡಬೇಕಿಲ್ಲ. ಎರಡನೆಯದು, ಕಂಟ್ರೋಲಿಗೆ ನೇರ ಹೋಗದೆ ಅದರ ಹತ್ತಿರದ ದೊಡ್ಡ ಗುರುತಿಗೆ ಹೋಗುವುದು. ಪೊದೆಯೊಳಗಿನ ಚಿಕ್ಕ ಬಂಡೆ ದೂರದಿಂದ ಕಾಣುವುದಿಲ್ಲ. ಅದರಿಂದ 80 ಮೀಟರ್ ದೂರದಲ್ಲಿ ಎರಡು ಜಾಡು ಕೂಡುವ ಜಾಗ ಇದ್ದರೆ ಅಲ್ಲಿಯ ತನಕ ಜೋರಾಗಿ ಓಡಿ, ಅಲ್ಲಿಂದ ದಿಕ್ಕು, ಹೆಜ್ಜೆ ಎರಡನ್ನೂ ಹಿಡಿದು ನಿಧಾನವಾಗಿ ಹೋಗುವುದು.

ಮೂರನೆಯ ತಂತ್ರ ನನಗೆ ಬಹಳ ಇಷ್ಟ, ಯಾಕೆಂದರೆ ಬೇಕಂತಲೇ ತಪ್ಪು ಕಡೆ ಹೋಗುವುದು ಇದು. ಕಂಟ್ರೋಲ್ ಕೆರೆ ಏರಿಯ ಮೇಲಿನ ತೂಬಿನ ಹತ್ತಿರ ಇದೆ. ನೀವು ಅರ್ಧ ಕಿಲೋಮೀಟರ್ ದೂರದ ನೀಲಗಿರಿಯೊಳಗಿದ್ದೀರಿ. ತೂಬಿಗೇ ಗುರಿಯಿಟ್ಟು ಬಂದರೆ ಸ್ವಲ್ಪವಾದರೂ ಅತ್ತಿತ್ತ ಆಗೇ ಆಗುತ್ತದೆ. ಏರಿ ಸಿಗುತ್ತದೆ, ತೂಬು ಕಾಣುವುದಿಲ್ಲ. ಎಡಕ್ಕೆ ಹೋಗುವುದೋ ಬಲಕ್ಕೋ ಗೊತ್ತಾಗುವುದಿಲ್ಲ. ಅದರ ಬದಲು ಮೊದಲೇ ಐವತ್ತು ಮೀಟರ್ ಎಡಕ್ಕೆ ಗುರಿಯಿಟ್ಟು ಬನ್ನಿ. ಏರಿ ಸಿಕ್ಕ ಕೂಡಲೇ ಬಲಕ್ಕೆ ತಿರುಗಿ, ಯೋಚನೆ ಮಾಡುವ ಕೆಲಸವೇ ಇಲ್ಲ. ಐವತ್ತು ಮೀಟರ್ ಜಾಸ್ತಿ ಓಡಿದ್ದಕ್ಕೆ ಪ್ರತಿಯಾಗಿ ಐದು ನಿಮಿಷದ ಪರದಾಟ ಉಳಿಯಿತು.

ನಾಲ್ಕನೇ ದಿನ ವಿಶ್ರಾಂತಿ. ನಕ್ಷೆ ಹರಡಿಕೊಂಡು ಕೂತು, ಯಾರು ಯಾವ ದಾರಿ ಹಿಡಿದರು, ಯಾಕೆ ಅಂತ ಮಾತು. ಹೊಸಬರು ಹೆಚ್ಚು ಕಲಿಯುವುದು ಈ ಹರಟೆಯಲ್ಲೇ.

ದಾರಿ ಹೇಗೆ ತಪ್ಪುತ್ತದೆ?

ದಾರಿ ತಪ್ಪುವುದು ಒಂದೇ ಕ್ಷಣದಲ್ಲಿ ಆಗುವ ಘಟನೆಯಲ್ಲ. ಸಣ್ಣ ತಪ್ಪೊಂದು ಆಗುತ್ತದೆ, ಅದು ಗೊತ್ತಾಗದೆ ಇನ್ನೂ ಮುಂದೆ ಹೋಗುತ್ತೇವೆ. ನಿಜವಾಗಿ ಸಮಯ ತಿನ್ನುವುದು ಈ ಎರಡನೆಯ ಭಾಗ. ಒಳ್ಳೆಯ ಓಟಗಾರರೂ ತಪ್ಪು ಮಾಡುತ್ತಾರೆ, ಆದರೆ ಅವರಿಗೆ ಅದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಹೊಸಬರಿಗೆ ಕಾಲು ಗಂಟೆ ಹಿಡಿಯುತ್ತದೆ.

ಕೋಲಾರದಂಥ ನೆಲದಲ್ಲಿ ಹೆಚ್ಚು ಕಾಡುವುದು ಜೋಡಿ ತಪ್ಪು. ಪಕ್ಕಪಕ್ಕದಲ್ಲಿ ಎರಡು ನೀಲಗಿರಿ ಪ್ಲಾಂಟೇಷನ್, ಎರಡರ ಅಂಚಿಗೂ ಬಂಡಿಜಾಡು, ಎರಡು ಜಾಡಿನ ಪಕ್ಕದಲ್ಲೂ ಹುಟ್ಟುಬಂಡೆ. ನೀವು ಪೂರ್ವದ ಜಾಡಿನಲ್ಲಿದ್ದೀರಿ, ಪಶ್ಚಿಮದ್ದರಲ್ಲಿದ್ದೇನೆ ಅಂದುಕೊಂಡಿದ್ದೀರಿ. ಕಂಡದ್ದೆಲ್ಲ ನಕ್ಷೆಗೆ ಹೊಂದುತ್ತಲೇ ಇರುತ್ತದೆ. ಬಂಡೆ ಇದೆಯಾ? ಇದೆ. ಜಾಡು ತಿರುಗಿತಾ? ತಿರುಗಿತು. ಹೊಂದದ್ದು ಯಾವುದಾದರೂ ಕಂಡರೆ ‘ನಕ್ಷೆಯೇ ತಪ್ಪಿರಬೇಕು’ ಅಂತ ಮನಸ್ಸು ಸಮಾಧಾನ ಹೇಳುತ್ತದೆ. ತರಬೇತಿಯಲ್ಲಿ ಇದಕ್ಕೆ ಕಟ್ಟುನಿಟ್ಟಿನ ಸೂಚನೆ ಇದೆ. ಒಂದು ವಿಷಯ ಹೊಂದದಿದ್ದರೆ ಗಮನಿಸಿ, ಎರಡು ಹೊಂದದಿದ್ದರೆ ನಿಲ್ಲಿ.

ನಿಂತ ಮೇಲೆ ಏನು ಮಾಡಬೇಕು? ಮೊದಲು ನಕ್ಷೆಯನ್ನು ಉತ್ತರಕ್ಕೆ ತಿರುಗಿಸಿಕೊಳ್ಳಿ. ಕೊನೆಯ ಸಲ ಖಚಿತವಾಗಿ ಗೊತ್ತಿದ್ದ ಜಾಗ ಯಾವುದು ಅಂತ ನೆನಪಿಸಿಕೊಳ್ಳಿ. ಅಲ್ಲಿಂದ ಎಷ್ಟು ಹೊತ್ತು, ಯಾವ ಕಡೆ ಬಂದಿರಿ? ಸುತ್ತ ಇರುವ ದೊಡ್ಡ ಸಂಗತಿ ನೋಡಿ: ಬೆಟ್ಟದ ತುದಿ, ಕೆರೆ, ಇಳಿಜಾರು ಯಾವ ಕಡೆಗಿದೆ. ಆಗಲೂ ಗೊತ್ತಾಗದಿದ್ದರೆ ಹಿಂದಿನ ಖಚಿತ ಜಾಗಕ್ಕೆ ವಾಪಸ್ ಹೋಗಬೇಕು. ಇದು ಮನಸ್ಸಿಗೆ ಬಹಳ ಕಷ್ಟ. ‘ಇಲ್ಲೇ ಎಲ್ಲೋ ಇರಬೇಕು’ ಅಂತ ಪೊದೆ ಪೊದೆ ಸುತ್ತುವುದು ಸುಲಭ ಅನ್ನಿಸುತ್ತದೆ, ಆದರೆ ಅದರಲ್ಲೇ ಸಮಯ ಜಾಸ್ತಿ ಹೋಗುತ್ತದೆ.

ವಾರದ ಕೊನೆ: ಮೂರು ಓಟ

ಸ್ಪ್ರಿಂಟ್ ಅತಿ ಚಿಕ್ಕದು. ದೊಡ್ಡ ಸ್ಪರ್ಧೆಗಳಲ್ಲಿ ಗೆಲ್ಲುವವರು 12ರಿಂದ 15 ನಿಮಿಷದಲ್ಲಿ ಮುಗಿಸುತ್ತಾರೆ. ನಮ್ಮಲ್ಲಿ ರಜೆಯ ದಿನದ ಕಾಲೇಜು ಆವರಣ ಇದಕ್ಕೆ ಸರಿ. ಇಲ್ಲಿ ದಾರಿ ತಪ್ಪುವುದಿಲ್ಲ, ತಪ್ಪು ದಾರಿ ಆರಿಸುತ್ತೇವೆ. ನಕ್ಷೆಯಲ್ಲಿ ದಪ್ಪ ಕಪ್ಪು ಗೆರೆ ಇದ್ದರೆ ಆ ಗೋಡೆ ಹತ್ತುವಂತಿಲ್ಲ, ಎಷ್ಟೇ ಗಿಡ್ಡ ಇರಲಿ. ಹತ್ತಿದರೆ ಅನರ್ಹ. ನಡೆಸುವವರಿಗೆ ಒಂದು ಮಾತು: ಓಟದ ಬೆಳಿಗ್ಗೆ ಗೇಟುಗಳನ್ನೆಲ್ಲ ಇನ್ನೊಮ್ಮೆ ನೋಡಿ ಬನ್ನಿ. ನಕ್ಷೆಯಲ್ಲಿ ತೆರೆದಿರುವ ಗೇಟಿಗೆ ವಾಚ್‌ಮನ್ ಬೀಗ ಹಾಕಿದರೆ ಇಡೀ ಓಟ ಕೆಟ್ಟಿತು.

ಮಧ್ಯಮ ದೂರದ ಓಟ ಸುಮಾರು 30ರಿಂದ 35 ನಿಮಿಷದ್ದು. ಕಂಟ್ರೋಲುಗಳು ಹತ್ತಿರ ಹತ್ತಿರ, ಸೂಕ್ಷ್ಮ ಜಾಗಗಳಲ್ಲಿ. ದೀರ್ಘ ದೂರದ್ದು ವಿಶ್ವಮಟ್ಟದಲ್ಲಿ 70ರಿಂದ 100 ನಿಮಿಷ. ಅದರಲ್ಲಿ ಕಂಟ್ರೋಲುಗಳ ನಡುವೆ ಒಂದೆರಡು ಕಿಲೋಮೀಟರ್ ಇರಬಹುದು, ದಾರಿ ಆಯ್ಕೆಯೇ ಮುಖ್ಯ. ಶಿಬಿರದಲ್ಲಿ ಇದನ್ನೆಲ್ಲ ಅರ್ಧಕ್ಕೆ ಇಳಿಸಿಕೊಳ್ಳಬಹುದು.

ಅಂತರಗಂಗೆ ಬೆಟ್ಟದ ಮೇಲೆ ಓಡಿಸಬಹುದಲ್ವಾ ಅಂತ ಆಸೆಯಾಗುತ್ತದೆ. ಶತಶೃಂಗ ಬೆಟ್ಟಸಾಲಿನ ಆ ಬಂಡೆರಾಶಿ, ಗುಹೆಗಳು ಅನುಭವಿಗಳಿಗೆ ಹೇಳಿ ಮಾಡಿಸಿದ ಜಾಗವೇ. ಹೊಸಬರಿಗೆ ಅಲ್ಲ. ಓರಿಯಂಟೀರಿಂಗ್ ನಕ್ಷೆಯಲ್ಲಿ 1 ಮೀಟರಿಗಿಂತ ಎತ್ತರದ ಒಂಟಿ ಬಂಡೆಗೆ ಒಂದು ಕಪ್ಪು ಚುಕ್ಕೆ. ಅಲ್ಲಿ ಪ್ರತಿ ಬಂಡೆಗೂ ಚುಕ್ಕೆ ಇಟ್ಟರೆ ಕಾಗದ ಪೂರ್ತಿ ಕಪ್ಪಾಗುತ್ತದೆ. ಯಾವುದನ್ನು ಬಿಡಬೇಕು ಅಂತ ನಕ್ಷೆ ಬರೆಯುವವರೇ ತಲೆ ಕೆರೆದುಕೊಳ್ಳುತ್ತಾರೆ, ಓದುವವರ ಪಾಡು ಕೇಳಬೇಕೆ? ಕೆಜಿಎಫ್‌ನ ಸಯನೈಡ್ ದಿಬ್ಬಗಳು ದೂರದಿಂದ ಓಡಲು ಚೆನ್ನಾಗಿ ಕಾಣುತ್ತವೆ. 2001ರಲ್ಲಿ ಮುಚ್ಚಿದ ಗಣಿಯ ತ್ಯಾಜ್ಯ ಅದು, ಸುತ್ತಮುತ್ತ ಹಳೆಯ ಗಣಿಬಾವಿಗಳೂ ಇವೆ. ಅದನ್ನು ಪಟ್ಟಿಯಿಂದ ಕೈಬಿಡುವುದೇ ಸರಿ.

ಅನುಮತಿ, ಹೆಜ್ಜೇನು, ಸೀಟಿ

ಸ್ವೀಡನ್ನಿನಲ್ಲಿ ಯಾರು ಬೇಕಾದರೂ ಕಾಡಿನಲ್ಲಿ ಓಡಾಡುವ ಹಕ್ಕಿದೆ. ಇಲ್ಲಿ ಹಾಗಿಲ್ಲ. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ, ಗುಂಡುತೋಪು, ಕೆರೆ ಆದರೆ ಪಂಚಾಯಿತಿಯವರ ಒಪ್ಪಿಗೆ, ಮಾವಿನ ತೋಟವಾದರೆ ಯಜಮಾನರ ಮಾತು ಬೇಕೇ ಬೇಕು. ಶ್ರೀನಿವಾಸಪುರದ ಕಡೆ ಮಾರ್ಚ್ ಅಂದರೆ ಮಾವಿನ ಮರದಲ್ಲಿ ಹೂ, ಪೀಚು ಇರುವ ಹೊತ್ತು, ಔಷಧಿ ಹೊಡೆಯುವ ಹೊತ್ತೂ ಹೌದು. ಆಗ ತೋಟದೊಳಗೆ ಹೋಗದಿರುವುದೇ ಮೇಲು. ಹಿಪ್ಪುನೇರಳೆ ತೋಟ, ಡ್ರಿಪ್ ಪೈಪ್ ಹಾಸಿದ ಹೊಲ ನಕ್ಷೆಯಲ್ಲೇ ನಿಷಿದ್ಧ ಅಂತ ಗುರುತಾಗಿರಬೇಕು.

ಬಂಡೆಯ ಇಳಿಜಾರಿನಲ್ಲಿ ಹೆಜ್ಜೇನು ಕಟ್ಟಿರುತ್ತದೆ. ನಡೆಸುವವರು ಮೊದಲೇ ನೋಡಿ ಬಂದು ಕಂಟ್ರೋಲನ್ನು ದೂರ ಇಡಬೇಕು. ಓಡುವವರು ಸೆಂಟ್ ಹಾಕಿಕೊಳ್ಳಬಾರದು. ಗುಡ್ಡದ ಪೊಟರೆಗೆ ಕೈ ಹಾಕಬಾರದು, ಹಾವಿರಬಹುದು. ಒಣಹುಲ್ಲಿನ ಕಾಲವಾದ್ದರಿಂದ ಬೆಂಕಿಕಡ್ಡಿ, ಬೀಡಿ, ಸಿಗರೇಟು ಪೂರ್ತಿ ಬೇಡ.

ಪ್ರತಿಯೊಬ್ಬರ ಕೊರಳಲ್ಲೂ ಸೀಟಿ ಇರಬೇಕು. ಬಿದ್ದು ಪೆಟ್ಟಾದರೆ ಸೀಟಿ ಊದಬೇಕು, ಕೇಳಿಸಿಕೊಂಡವರು ಓಟ ಬಿಟ್ಟು ಹೋಗಬೇಕು. ಇದು ಬರೀ ಸೌಜನ್ಯವಲ್ಲ, ಆಟದ ನಿಯಮ. 2009ರಲ್ಲಿ ಹಂಗೇರಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ರಿಲೇಯಲ್ಲಿ ಸ್ವೀಡನ್ನಿನ ಮಾರ್ಟಿನ್ ಯೊಹಾನ್ಸನ್ ಅವರ ತೊಡೆಗೆ ಮರದ ಕೊಂಬೆ ಚುಚ್ಚಿಕೊಂಡಿತು. ಪದಕದ ಪೈಪೋಟಿಯಲ್ಲಿದ್ದ ಫ್ರಾನ್ಸ್, ನಾರ್ವೆ, ಜೆಕ್ ದೇಶದ ಮೂವರು ಓಟಗಾರರು ಅಲ್ಲೇ ನಿಂತು ಸಹಾಯ ಮಾಡಿದರು. ಪದಕ ಹೋಯಿತು. ಆ ದಿನ ಗೆದ್ದದ್ದು ಸ್ವಿಟ್ಜರ್ಲೆಂಡ್.

ಇನ್ನೊಂದು ನಿಯಮ ಹೊಸಬರು ಮರೆಯುವಂಥದ್ದು. ಓಟ ಅರ್ಧಕ್ಕೆ ಬಿಟ್ಟರೂ, ಸುಸ್ತಾಗಿ ನೇರ ರಸ್ತೆಗೆ ಬಂದರೂ, ಮುಗಿಯುವ ಜಾಗಕ್ಕೆ ಬಂದು ಹೆಸರು ಹೇಳಲೇಬೇಕು. ಸುಮ್ನೆ ಬಸ್ ಹತ್ತಿ ಮನೆಗೆ ಹೋದರೆ ಇಲ್ಲಿ ಜನ ಕತ್ತಲಾಗುವ ತನಕ ಕಾಡು ಹುಡುಕುತ್ತಿರುತ್ತಾರೆ.

ಯಾರು ಸೇರಬಹುದು, ಏನು ತರಬೇಕು?

ವಯಸ್ಸಿನ ಮಿತಿ ಇಲ್ಲ. ಹೊರದೇಶಗಳಲ್ಲಿ ಹತ್ತು ವರ್ಷದ ಮಕ್ಕಳ ವಿಭಾಗದಿಂದ ಎಂಬತ್ತು ದಾಟಿದವರ ವಿಭಾಗದ ತನಕ ಇದೆ. ತೀರಾ ಚಿಕ್ಕವರಿಗೆ ದಾರಿಯುದ್ದಕ್ಕೂ ದಾರ ಕಟ್ಟಿರುತ್ತಾರೆ, ಅದನ್ನು ಹಿಡಿದುಕೊಂಡೇ ಕಂಟ್ರೋಲ್ ಹುಡುಕಬೇಕು. ಮಕ್ಕಳು ಜೋಡಿಯಾಗಿ ಹೋಗಬಹುದು. ಓಡಲು ಆಗದವರು ನಡೆಯಬಹುದು.

ಸಾಮಾನು ಕಡಿಮೆ. ಜಾರದ ಅಡಿಯ ಶೂ, ಮುಳ್ಳಿಗೆ ತಡೆಯುವ ಉದ್ದ ಪ್ಯಾಂಟ್, ಟೋಪಿ, ನೀರು, ಸೀಟಿ. ದಿಕ್ಸೂಚಿಯನ್ನು ಶಿಬಿರದವರೇ ಕೊಡುವುದುಂಟು. ನಕ್ಷೆ ಬೆವರಿಗೆ ನೆನೆಯದಂತೆ ಪ್ಲಾಸ್ಟಿಕ್ ಕವರ್ ಬೇಕು.

ಸೇರಿಸುವ ಮೊದಲು ಶಿಬಿರದವರನ್ನು ನಾಲ್ಕು ಪ್ರಶ್ನೆ ಕೇಳಿ. ನಕ್ಷೆ ಯಾರು ಬರೆದರು, ಯಾವಾಗ ಬರೆದರು? ಜಾಗಕ್ಕೆ ಅನುಮತಿ ಇದೆಯಾ? ಎಷ್ಟು ಹೊತ್ತಿಗೆ ಬರದಿದ್ದರೆ ಹುಡುಕಲು ಹೊರಡುತ್ತೀರಿ? ಹತ್ತಿರದ ಆಸ್ಪತ್ರೆಗೆ ಗಾಡಿ ಸಿದ್ಧವಿದೆಯಾ? ಇವಕ್ಕೆ ತಡವರಿಸದೆ ಉತ್ತರ ಕೊಟ್ಟರೆ ಹೆಸರು ಬರೆಸಬಹುದು.